ಎಲೆಮರೆಯ ಕಾಯಿಯಂಥ ಮಿಡ್‌ಫೀಲ್ಡರ್‌ಗೆ ನಿಜವಾಗಿ ಬೆಲೆ ಎಷ್ಟು? ಮಕೆಲೆಲೆ ಪ್ರಕರಣದ ಬಗ್ಗೆ ಒಂದು ಪ್ರಶ್ನೆ

ನಡುಗೆರೆ:

ನಮಸ್ಕಾರ. ಯುರೋಪಿನ ಕ್ಲಬ್ ಫುಟ್‌ಬಾಲನ್ನು ನಾನು ಗಮನವಿಟ್ಟು ನೋಡತೊಡಗಿ ಹೆಚ್ಚು ಕಾಲವಾಗಿಲ್ಲ. ಗೆಳೆಯರ ನಡುವೆ ಒಂದು ವಾದ ಮತ್ತೆ ಮತ್ತೆ ಏಳುತ್ತದೆ, ಪ್ರತಿ ಸಲವೂ ಇತ್ಯರ್ಥವಾಗದೆ ಉಳಿಯುತ್ತದೆ. ಗೋಲು ಹೊಡೆಯದ, ಗೋಲಿಗೆ ಪಾಸ್ ಕೊಡದ, ಎದುರಾಳಿಯನ್ನು ಏಮಾರಿಸಿ ಚೆಂಡು ಒಯ್ಯುವ ಚಮತ್ಕಾರವೂ ಇಲ್ಲದ ಮಿಡ್‌ಫೀಲ್ಡರ್ ಒಬ್ಬರನ್ನು ದೊಡ್ಡ ತಂಡವೊಂದು ಪ್ರತಿ ಪಂದ್ಯದಲ್ಲೂ ಏಕೆ ಕಣಕ್ಕಿಳಿಸುತ್ತದೆ ಎಂಬುದು ಆ ವಾದದ ಮೂಲ. ಅಂಥವರಿಲ್ಲದಿದ್ದರೆ ತಂಡವೇ ಕುಸಿಯುತ್ತದೆ ಎನ್ನುವವರು, ಪುರಾವೆ ಕೇಳಿದರೆ, 2003ರಲ್ಲಿ ರಿಯಲ್ ಮ್ಯಾಡ್ರಿಡ್ ಕ್ಲೋಡ್ ಮಕೆಲೆಲೆ ಅವರನ್ನು ಚೆಲ್ಸಿಗೆ ಮಾರಿದ ಕಥೆಯನ್ನು ಮುಂದಿಡುತ್ತಾರೆ. ಅದು ನಡೆದುಹೋದ ಮೇಲೆ ಹೆಣೆದುಕೊಂಡ ನೀತಿಕಥೆ, ಅಷ್ಟು ತಾರೆಗಳಿದ್ದ ತಂಡ ಒಬ್ಬರ ನಿರ್ಗಮನದಿಂದ ಸೋಲುವುದುಂಟೇ ಎಂದು ಇನ್ನುಳಿದವರು ನಗುತ್ತಾರೆ.

ನನ್ನ ಪ್ರಶ್ನೆಗಳು ಎರಡು. ಆ ಕಥೆಯಲ್ಲಿ ಎಷ್ಟು ನಿಜ? ಇಂಥ ಆಟಗಾರರ ಕೆಲಸವನ್ನು ಪಂದ್ಯ ನಡೆಯುತ್ತಿರುವಾಗಲೇ ಗುರುತಿಸುವುದು ಹೇಗೆ? ಎರಡನೆಯದು ನನಗೆ ಹೆಚ್ಚು ಮುಖ್ಯ. ಪಂದ್ಯದ ಮರುದಿನ ಹತ್ತು ನಿಮಿಷದ ಹೈಲೈಟ್ಸ್ ನೋಡಿದರೆ ಇವರು ಆಡಿದ್ದರೆಂಬುದಕ್ಕೇ ಸಾಕ್ಷಿ ಸಿಗುವುದಿಲ್ಲ. ಇಡೀ ಪಂದ್ಯ ನೋಡಿದರೂ ನನ್ನ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ತಿಳಿದವರು ದಯವಿಟ್ಟು ವಿವರಿಸಬೇಕು.


ಹಳೆಯ ಪ್ರೇಕ್ಷಕ:

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮಕೆಲೆಲೆ ಸೆಲ್ಟಾ ವಿಗೊ ತಂಡದಿಂದ ಮ್ಯಾಡ್ರಿಡ್‌ಗೆ ಬಂದದ್ದು 2000ದಲ್ಲಿ. ಆ ಬೇಸಿಗೆಯಲ್ಲೇ ಕ್ಲಬ್ಬಿನ ಹೊಸ ಅಧ್ಯಕ್ಷ ಫ್ಲೋರೆಂಟಿನೊ ಪೆರೆಸ್ ಅವರು ಲೂಯಿಸ್ ಫಿಗೊ ಅವರನ್ನು ಬಾರ್ಸಿಲೋನಾದಿಂದ ತಂದಿದ್ದರು. ಅಭಿಮಾನಿಗಳ ಆರಾಧ್ಯನಾಗಿದ್ದ ಫರ್ನಾಂಡೊ ರೆಡೊಂಡೊ ಅವರನ್ನು ಮಿಲಾನ್‌ಗೆ ಮಾರಲಾಗಿತ್ತು. ರೆಡೊಂಡೊ ನಡುಮೈದಾನದಲ್ಲಿ ನಿಂತು ಆಡಿದರೂ ನೋಡಲು ಸೊಗಸಾದ ಆಟಗಾರ. ಅವರ ಜಾಗಕ್ಕೆ ಬಂದ ಮಕೆಲೆಲೆಯಲ್ಲಿ ಆ ಸೊಗಸು ಇರಲಿಲ್ಲವಾದ್ದರಿಂದ ಮೊದಲ ದಿನದಿಂದಲೂ ಅವರನ್ನು ಜನ ನೋಡಿದ್ದು ಒಂದು ಮೆಟ್ಟಿಲು ಕೆಳಗಿಟ್ಟೇ. ಅಲ್ಲಿಂದ ಮುಂದೆ 2001ರಲ್ಲಿ ಜಿನೆದಿನ್ ಜಿದಾನ್, 2002ರಲ್ಲಿ ಬ್ರೆಜಿಲ್‌ನ ರೊನಾಲ್ಡೊ ಬಂದರು. ವರ್ಷಕ್ಕೊಬ್ಬ ಮಹಾತಾರೆ ಎಂಬ ಈ ನೀತಿಯ ನಡುವೆಯೇ ತಂಡ 2001 ಮತ್ತು 2003ರಲ್ಲಿ ಸ್ಪೇನ್‌ನ ಲೀಗ್ ಪ್ರಶಸ್ತಿಯನ್ನೂ 2002ರಲ್ಲಿ ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು.

ಆ 2002ರ ಫೈನಲ್‌ನ ಗೋಲೊಂದನ್ನು ನೀವು ನೋಡಿಯೇ ಇರುತ್ತೀರಿ. ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕ್‌ನಲ್ಲಿ, ಬೇಯರ್ ಲೆವರ್ಕುಸೆನ್ ವಿರುದ್ಧ, ವಿರಾಮಕ್ಕೆ ಸ್ವಲ್ಪ ಮುಂಚೆ, ಆಕಾಶದಿಂದ ಇಳಿದ ಚೆಂಡನ್ನು ಜಿದಾನ್ ಎಡಗಾಲಿನಿಂದ ನೇರವಾಗಿ ಬಲೆಗೆ ಸೇರಿಸಿದ ಗೋಲು. ಆ ಚೆಂಡನ್ನು ಎತ್ತಿ ಕೊಟ್ಟವರು ಯಾರು? ರಾಬರ್ಟೊ ಕಾರ್ಲೋಸ್, ಅಂದರೆ ತಂಡದ ಎಡಬದಿಯ ಡಿಫೆಂಡರ್. ರಕ್ಷಣೆಗೆಂದು ಹೆಸರು ಬರೆಸಿಕೊಂಡ ಆಟಗಾರ ಎದುರಾಳಿಯ ಪೆನಾಲ್ಟಿ ಬಾಕ್ಸ್‌ವರೆಗೆ ಓಡಿಹೋಗಬೇಕಾದರೆ, ತಾನು ಬಿಟ್ಟುಬಂದ ಜಾಗವನ್ನು ಯಾರೋ ನೋಡಿಕೊಳ್ಳುತ್ತಾರೆಂಬ ಭರವಸೆ ಬೇಕು. ಆ ತಂಡದಲ್ಲಿ ಫಿಗೊ, ಜಿದಾನ್, ರೌಲ್ ಹಿಂದಕ್ಕೆ ಓಡಿಬಂದು ಕಾಯುವವರಾಗಿರಲಿಲ್ಲ. ಕಾರ್ಲೋಸ್ ಮುಂದೆ ಹೋದವರು ಹಿಂದಿರುಗುವಷ್ಟರಲ್ಲಿ ಎದುರಾಳಿಯ ದಾಳಿ ಅರ್ಧ ದಾರಿ ಕ್ರಮಿಸಿರುತ್ತಿತ್ತು. ಎಡಕ್ಕೆ ಸರಿದು ಆ ಖಾಲಿ ಜಾಗವನ್ನು ಮುಚ್ಚುವುದು, ಸಾಲದೆಂಬಂತೆ ನಡುಮೈದಾನವನ್ನೂ ಕಾಯುವುದು, ಚೆಂಡು ದಕ್ಕಿದ ಕೂಡಲೇ ಹತ್ತಿರದ ತಾರೆಯ ಕಾಲಿಗೆ ಒಪ್ಪಿಸಿ ಮತ್ತೆ ತನ್ನ ಸ್ಥಾನಕ್ಕೆ ಮರಳುವುದು, ಇಷ್ಟೂ ಮಕೆಲೆಲೆಯ ಪಾಲಿಗೆ ಬಂದ ಕೆಲಸ.

2003ರ ಬೇಸಿಗೆಯಲ್ಲಿ ಅವರು ಸಂಬಳ ಹೆಚ್ಚಿಸುವಂತೆ ಕೇಳಿದರು. ಜೊತೆಯ ತಾರೆಯರಿಗೆ ಹೋಲಿಸಿದರೆ ಅವರಿಗೆ ಸಿಗುತ್ತಿದ್ದುದು ತೀರಾ ಕಡಿಮೆ. ಕ್ಲಬ್ ಒಪ್ಪಲಿಲ್ಲ. ಡೇವಿಡ್ ಬೆಕ್‌ಹ್ಯಾಮ್ ಅವರಿಗೆ ಸುಮಾರು 2.5 ಕೋಟಿ ಪೌಂಡ್ ತೆತ್ತ ಅದೇ ಬೇಸಿಗೆಯಲ್ಲಿ ಮಕೆಲೆಲೆ ಸುಮಾರು 1.7 ಕೋಟಿ ಪೌಂಡ್‌ಗೆ ಲಂಡನ್‌ನ ಚೆಲ್ಸಿ ಸೇರಿದರು. ಅವರು ಹೋದ ಮೇಲೆ ಪೆರೆಸ್ ಅವರು ಆಡಿದ ಮಾತು ಪತ್ರಿಕೆಗಳಲ್ಲಿ ದಾಖಲಾಗಿದೆ: ಅವರಿಲ್ಲದ ಕೊರತೆ ನಮಗೇನೂ ಕಾಡದು, ಅವರಿಗೆ ತಲೆಯಿಂದ ಚೆಂಡು ಆಡಲು ಬರುವುದಿಲ್ಲ, ಮೂರು ಮೀಟರ್‌ಗಿಂತ ದೂರಕ್ಕೆ ಪಾಸ್ ಕೊಡುವುದೇ ಅಪರೂಪ ಎಂಬುದು ಅದರ ಸಾರ. ತಮಾಷೆಯೆಂದರೆ ಈ ವರ್ಣನೆಯಲ್ಲಿ ಸುಳ್ಳೇನೂ ಇಲ್ಲ. ಮೂರು ಮೀಟರ್ ಪಾಸನ್ನು ದೋಷವೆಂದು ಎಣಿಸಿದ್ದಷ್ಟೇ ತಪ್ಪು, ಏಕೆಂದರೆ ಜಿದಾನ್ ಮೂರು ಮೀಟರ್ ದೂರದಲ್ಲಿ ನಿಂತಿರುವಾಗ ಮೂವತ್ತು ಮೀಟರ್ ಪಾಸಿಗೆ ಪ್ರಯತ್ನಿಸುವವನು ಬುದ್ಧಿವಂತನಲ್ಲ.

ಫಲಿತಾಂಶವನ್ನು ಅಂಕಿಗಳಲ್ಲೇ ನೋಡಿ. 2002–03ರ ಲೀಗ್‌ನಲ್ಲಿ ಮ್ಯಾಡ್ರಿಡ್ 38 ಪಂದ್ಯಗಳಲ್ಲಿ 42 ಗೋಲು ಬಿಟ್ಟುಕೊಟ್ಟು, 4 ಪಂದ್ಯ ಮಾತ್ರ ಸೋತಿತ್ತು. ಮರುವರ್ಷ ಬಿಟ್ಟುಕೊಟ್ಟ ಗೋಲು 54, ಸೋತ ಪಂದ್ಯ 10, ಸ್ಥಾನ ನಾಲ್ಕನೆಯದು. ಋತುವಿನ ಆರಂಭದ ಸೂಪರ್ ಕಪ್ ಒಂದನ್ನು ಬಿಟ್ಟರೆ, 2007ರ ಲೀಗ್ ಗೆಲುವಿನವರೆಗೆ ಆ ಕ್ಲಬ್ಬಿಗೆ ಬೇರೆ ಯಾವ ಪ್ರಶಸ್ತಿಯೂ ದಕ್ಕಲಿಲ್ಲ. ಪೆರೆಸ್ 2006ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು. ಅತ್ತ ಚೆಲ್ಸಿ 2004–05ರಲ್ಲಿ ಕೇವಲ 15 ಗೋಲು ಬಿಟ್ಟುಕೊಟ್ಟು, 95 ಅಂಕಗಳೊಂದಿಗೆ ಇಂಗ್ಲೆಂಡ್‌ನ ಚಾಂಪಿಯನ್ ಆಯಿತು. ಇದು ನಡೆದುಹೋದ ಮೇಲೆ ಹೆಣೆದ ಕಥೆಯೆಂದು ನನಗೆ ಅನ್ನಿಸುವುದಿಲ್ಲ.


ಅಂಕಿಅಂಶ:

ಹಿರಿಯರ ಉತ್ತರದಲ್ಲಿರುವ ಅಂಕಿಗಳೆಲ್ಲ ಸರಿ. ಅವುಗಳಿಂದ ತೆಗೆದ ತೀರ್ಮಾನದ ಬಗ್ಗೆ ನನಗೆ ತಕರಾರಿದೆ.

2003ರ ಬೇಸಿಗೆಯಲ್ಲಿ ಮ್ಯಾಡ್ರಿಡ್ ಕಳೆದುಕೊಂಡದ್ದು ಮಕೆಲೆಲೆ ಒಬ್ಬರನ್ನೇ ಅಲ್ಲ. ಲೀಗ್ ಗೆದ್ದ ಬೆನ್ನಿಗೇ ತರಬೇತುದಾರ ವಿಸೆಂಟೆ ಡೆಲ್ ಬೋಸ್ಕೆ ಅವರನ್ನು ಮನೆಗೆ ಕಳಿಸಲಾಯಿತು. ನಾಯಕ ಫರ್ನಾಂಡೊ ಯೆರೊ ಹೊರಟುಹೋದರು. ವಯಸ್ಸಾಗಿದ್ದರೂ ಹಿಂಬದಿಗೆ ದನಿಯಾಗಿದ್ದವರು ಅವರು, ಅವರ ಜಾಗಕ್ಕೆ ಸಮನಾದ ಡಿಫೆಂಡರ್‌ನನ್ನು ಕ್ಲಬ್ ಕೊಳ್ಳಲಿಲ್ಲ. ಒಂದು ಕಡೆ ಮಹಾತಾರೆಯರು, ಇನ್ನೊಂದು ಕಡೆ ಯುವ ತಂಡದಿಂದ ಎತ್ತಿ ತಂದ ಹುಡುಗರು, ನಡುವೆ ಏನೂ ಇಲ್ಲ ಎಂಬಂಥ ತಂಡ ಅದು. ಹೊಸ ತರಬೇತುದಾರ ಕಾರ್ಲೋಸ್ ಕೈರೋಸ್ ಅವರಿಗೆ ಆಟಗಾರರಿಗೆ ವಿಶ್ರಾಂತಿ ಕೊಡಬೇಕೆಂದರೂ ಬದಲಿಗಳಿರಲಿಲ್ಲ. ಆ ವರ್ಷ ಚಳಿಗಾಲ ಕಳೆಯುವವರೆಗೂ ಲೀಗ್‌ನ ಅಗ್ರಸ್ಥಾನದಲ್ಲಿದ್ದುದು ಮಕೆಲೆಲೆ ಇಲ್ಲದ ಇದೇ ಮ್ಯಾಡ್ರಿಡ್ ಎಂಬುದನ್ನು ಮರೆಯುವುದೇಕೆ? ಕುಸಿತ ಶುರುವಾದದ್ದು ವಸಂತದಲ್ಲಿ: ಸ್ಪೇನ್‌ನ ಕಪ್ ಟೂರ್ನಿಯಾದ ಕೋಪಾ ಡೆಲ್ ರೇ ಫೈನಲ್‌ನಲ್ಲಿ ಜರಗೋಜಾ ವಿರುದ್ಧ ಸೋಲು, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಮೊನಾಕೊ ವಿರುದ್ಧ ಸೋಲು, ಲೀಗ್‌ನ ಕೊನೆಯ ಐದು ಪಂದ್ಯಗಳಲ್ಲಿ ಐದೂ ಸೋಲು. ಇದು ದಣಿದ ಕಾಲುಗಳ ಕಥೆಯಾಗಿ ನನಗೆ ಕಾಣುತ್ತದೆ. ಮೊನಾಕೊ ಪರ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದ ಫರ್ನಾಂಡೊ ಮೊರಿಯೆಂಟೆಸ್ ಮ್ಯಾಡ್ರಿಡ್ ತಾನೇ ಎರವಲು ಕೊಟ್ಟಿದ್ದ ಆಟಗಾರ ಎಂಬುದು ಬೇರೆ ಮಾತು.

ಚೆಲ್ಸಿಯ ಲೆಕ್ಕವನ್ನೂ ಪೂರ್ತಿ ನೋಡಬೇಕು. ಮಕೆಲೆಲೆ ಬರುವ ಮುಂಚಿನ ವರ್ಷ ಆ ತಂಡ ಲೀಗ್‌ನಲ್ಲಿ ಬಿಟ್ಟುಕೊಟ್ಟ ಗೋಲು 38. ಅವರು ಆಡಿದ ಮೊದಲ ವರ್ಷ 30. ಎರಡನೆಯ ವರ್ಷ 15. ದೊಡ್ಡ ಇಳಿತ ಎರಡನೆಯ ವರ್ಷದ್ದು. ಆಗ ತಾನೇ ಗೋಲ್‌ಕೀಪರ್ ಪೀಟರ್ ಚೆಕ್, ಡಿಫೆಂಡರ್ ರಿಕಾರ್ಡೊ ಕರ್ವಾಲ್ಯೊ, ತರಬೇತುದಾರ ಜೋಸೆ ಮೊರಿನ್ಯೊ ಮೂವರೂ ಒಟ್ಟಿಗೆ ಬಂದಿದ್ದರು. ಮಕೆಲೆಲೆಯ ಪಾಲು ಖಂಡಿತ ಇದೆ. ಇಡೀ ಮೊತ್ತವನ್ನು ಅವರೊಬ್ಬರ ಖಾತೆಗೆ ಬರೆಯುವುದಕ್ಕೆ ನನ್ನ ವಿರೋಧ.

ಮ್ಯಾಡ್ರಿಡ್ ವಿಷಯದಲ್ಲಿ ನನ್ನ ಆಕ್ಷೇಪ ಬೇರೆಯೇ ಕಡೆ ಇದೆ. ಮಕೆಲೆಲೆಗೆ ಆಗ 30 ವರ್ಷ. ಮಾರಿದ್ದು ಒಂದು ನಿರ್ಧಾರ, ಅದನ್ನು ಸಮರ್ಥಿಸಲೂಬಹುದು. ಆ ಸ್ಥಾನದಲ್ಲಿ ಆಡಬಲ್ಲ ಎಸ್ಟೆಬನ್ ಕಾಂಬಿಯಾಸೊ ಎಂಬ ಅರ್ಜೆಂಟೀನಾದ ಯುವಕ ತಂಡದಲ್ಲೇ ಇದ್ದರೂ, ಬೆಕ್‌ಹ್ಯಾಮ್ ಅವರನ್ನು ನಡುಮೈದಾನಕ್ಕೆ ತಂದು ನಿಲ್ಲಿಸಿ, ಕಾಂಬಿಯಾಸೊ ಅವರನ್ನು 2004ರಲ್ಲಿ ಬಿಡಿಗಾಸೂ ಪಡೆಯದೆ ಇಂಟರ್ ಮಿಲಾನ್‌ಗೆ ಹೋಗಗೊಟ್ಟದ್ದನ್ನು ಮಾತ್ರ ಯಾರೂ ಸಮರ್ಥಿಸಲಾರರು. ಅವರು ಅಲ್ಲಿ ಹತ್ತು ವರ್ಷ ಆಡಿದರು. 2010ರಲ್ಲಿ ಬಾಯರ್ನ್ ಮ್ಯೂನಿಕ್ ತಂಡವನ್ನು 2–0ಯಿಂದ ಮಣಿಸಿ ಚಾಂಪಿಯನ್ಸ್ ಲೀಗ್ ಎತ್ತಿದ ಇಂಟರ್‌ನ ನಡುಮೈದಾನದಲ್ಲಿ ಅವರಿದ್ದರು, ಮತ್ತು ಆ ಫೈನಲ್ ನಡೆದದ್ದು ಮ್ಯಾಡ್ರಿಡ್‌ನ ಸ್ಯಾಂಟಿಯಾಗೊ ಬರ್ನಬೌ ಮೈದಾನದಲ್ಲೇ.


ನಡುಗೆರೆ:

ಇಬ್ಬರಿಗೂ ಧನ್ಯವಾದಗಳು. ಕಾಂಬಿಯಾಸೊ ಅವರ ವಿಷಯ ನನಗೆ ಗೊತ್ತಿರಲಿಲ್ಲ, ವಾದಕ್ಕೆ ಒಳ್ಳೆಯ ಸರಕು ಸಿಕ್ಕಿತು. ಆದರೆ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಗೆಳೆಯರೊಬ್ಬರು ಟ್ಯಾಕಲ್‌ಗಳ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿದುಕೊಳ್ಳುವ ಯತ್ನಗಳ, ಸಂಖ್ಯೆ ನೋಡಿದರೆ ಸಾಕು ಎನ್ನುತ್ತಾರೆ. ಅದು ನಂಬತಕ್ಕ ಅಳತೆಯೇ?


ಆರನೇ ನಂಬರ್:

ಆ ಸ್ಥಾನದಲ್ಲೇ ಆಡಿ ಮೊಣಕಾಲು ಸವೆಸಿಕೊಂಡವನು ನಾನು. ಈಗ ವಾರಾಂತ್ಯದಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಆದ್ದರಿಂದ ಎರಡನೆಯ ಪ್ರಶ್ನೆಯನ್ನು ನನಗೆ ಬಿಡಿ.

ಟ್ಯಾಕಲ್‌ಗಳ ಸಂಖ್ಯೆ ಒಂದು ಬಗೆಯ ಆಟಗಾರರ ವಿಷಯದಲ್ಲಿ ನಿಜ ಹೇಳುತ್ತದೆ. 2015–16ರಲ್ಲಿ ಲೆಸ್ಟರ್ ಸಿಟಿ ಯಾರೂ ಎಣಿಸದ ರೀತಿಯಲ್ಲಿ ಇಂಗ್ಲೆಂಡ್‌ನ ಚಾಂಪಿಯನ್ ಆದಾಗ ಎನ್ಗೋಲೊ ಕಾಂಟೆ ಟ್ಯಾಕಲ್‌ಗಳಲ್ಲೂ ಪಾಸ್‌ಗಳನ್ನು ನಡುವೆ ತಡೆಯುವುದರಲ್ಲೂ ಇಡೀ ಲೀಗ್‌ಗೆ ಮೊದಲಿಗರು. ಆ ತಂಡ ಹಿಂದೆ ಸರಿದು ಕಾದು ಆಡುತ್ತಿತ್ತು, ಚೆಂಡು ಹೆಚ್ಚು ಹೊತ್ತು ಎದುರಾಳಿಯ ಕಾಲಲ್ಲೇ ಇರುತ್ತಿತ್ತು, ಕಸಿದುಕೊಳ್ಳುವ ಅವಕಾಶಗಳೂ ಹೆಚ್ಚು. ಮರುವರ್ಷ ಕಾಂಟೆ ಚೆಲ್ಸಿ ಸೇರಿದರು. ಚೆಲ್ಸಿ ಚಾಂಪಿಯನ್ ಆಯಿತು, ಲೆಸ್ಟರ್ 12ನೇ ಸ್ಥಾನಕ್ಕೆ ಇಳಿಯಿತು. ಇನ್ನೊಂದು ಬಗೆಯವರ ವಿಷಯದಲ್ಲಿ ಅದೇ ಸಂಖ್ಯೆ ದಾರಿ ತಪ್ಪಿಸುತ್ತದೆ. ನೆಲಕ್ಕೆ ಬಿದ್ದು ಜಾರುತ್ತ ಚೆಂಡು ಕಸಿಯಬೇಕಾಗಿ ಬಂತೆಂದರೆ, ಅದಕ್ಕೆ ಒಂದೆರಡು ಕ್ಷಣ ಮುಂಚೆ ಎಲ್ಲೋ ನಿಲ್ಲುವ ಜಾಗ ತಪ್ಪಿತೆಂದು ಅರ್ಥ. ಟ್ಯಾಕಲ್ ಎಂಬುದು ಗುಣವಲ್ಲ, ಬೇರೆ ದಾರಿಯಿಲ್ಲದಾಗ ಮಾಡುವಂಥದ್ದು ಎಂಬ ಅರ್ಥದ ಮಾತನ್ನು ಸ್ಪೇನ್‌ನ ಮಿಡ್‌ಫೀಲ್ಡರ್ ಆಗಿದ್ದ ಜಾಬಿ ಅಲೊನ್ಸೊ ಸಂದರ್ಶನವೊಂದರಲ್ಲಿ ಆಡಿದ್ದರು. ನಾನು ಹುಡುಗರಿಗೆ ಅದನ್ನೇ ಹೇಳುತ್ತೇನೆ, ಅವರು ಕೇಳುವುದಿಲ್ಲ, ಏಕೆಂದರೆ ಚಪ್ಪಾಳೆ ಬೀಳುವುದು ಜಾರಿದಾಗಲೇ.

ಹಾಗಾದರೆ ಏನನ್ನು ನೋಡಬೇಕು? ನಿಮ್ಮ ತಂಡ ದಾಳಿ ಮಾಡುತ್ತಿರುವಾಗ ಚೆಂಡಿನಿಂದ ಕಣ್ಣು ತೆಗೆದು ಆ ಮಿಡ್‌ಫೀಲ್ಡರ್ ಎಲ್ಲಿ ನಿಂತಿದ್ದಾರೆಂದು ಹುಡುಕಿ. ಉಳಿದವರೆಲ್ಲ ಗೋಲಿನ ಕಡೆ ಮುಖ ಮಾಡಿದ್ದರೆ ಇವರು ಎದುರಾಳಿ ತಂಡದಲ್ಲಿ ಹಿಂದೆ ಉಳಿದ ಮುಂಚೂಣಿ ಆಟಗಾರನನ್ನು ನೋಡುತ್ತಿರುತ್ತಾರೆ. ದಾಳಿ ವಿಫಲವಾಗಿ ಚೆಂಡು ಹೊರಕ್ಕೆ ಚಿಮ್ಮಿದಾಗ ಅದು ಬೀಳುವ ಜಾಗದಲ್ಲಿ ಇವರು ಮುಂಚೆಯೇ ಇರುತ್ತಾರೆ. ನೋಡುವವರಿಗೆ ಅದು ಅದೃಷ್ಟವೆನಿಸುತ್ತದೆ. ಚೆಂಡು ಇವರ ಕಡೆ ಉರುಳಿ ಬರುತ್ತಿರುವಾಗ ತಲೆಯನ್ನು ಗಮನಿಸಿ: ಒಮ್ಮೆ ಎಡಭುಜದ ಆಚೆ, ಒಮ್ಮೆ ಬಲಭುಜದ ಆಚೆ ಕಣ್ಣು ಹಾಯುತ್ತದೆ, ಮೈ ಅರ್ಧ ತಿರುಗಿರುತ್ತದೆ, ಆದ್ದರಿಂದ ಚೆಂಡು ತಾಗಿದ ಮೊದಲ ಸ್ಪರ್ಶದಲ್ಲೇ ಮುಂದಿನ ಪಾಸಿನ ದಿಕ್ಕು ನಿಶ್ಚಯವಾಗಿರುತ್ತದೆ. ಹೀಗೆ ನೋಡದೆ ಚೆಂಡು ಪಡೆಯುವವನಿಗೆ ಹಿಂದಿನಿಂದ ಬಂದವನು ಎರಗಿದಾಗಲೇ ತಿಳಿಯುವುದು. ಬಾರ್ಸಿಲೋನಾದಲ್ಲಿ ಇದೇ ಸ್ಥಾನದಲ್ಲಿ ಆಡಿದ ಸರ್ಜಿಯೊ ಬುಸ್ಕೆಟ್ಸ್ ಆಟವನ್ನು ಈ ಕಣ್ಣಿನಿಂದ ಹದಿನೈದು ನಿಮಿಷ ನೋಡಿದರೆ ನಿಮ್ಮ ಗೆಳೆಯರ ವಾದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಬುಸ್ಕೆಟ್ಸ್ ಹೆಸರು ಬಂದದ್ದರಿಂದ ಒಂದು ಮಾತು. ಮಕೆಲೆಲೆಯನ್ನು ಮ್ಯಾಡ್ರಿಡ್‌ನಲ್ಲಿ ಆಡಿಸಿದ ಡೆಲ್ ಬೋಸ್ಕೆ ಅವರೇ 2010ರ ವಿಶ್ವಕಪ್‌ನಲ್ಲಿ ಸ್ಪೇನ್ ತಂಡದ ತರಬೇತುದಾರರು. ಡರ್ಬನ್‌ನ ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡ್ ವಿರುದ್ಧ 0–1ರಿಂದ ಸೋತಾಗ ಬುಸ್ಕೆಟ್ಸ್ ಮತ್ತು ಅಲೊನ್ಸೊ ಇಬ್ಬರನ್ನೂ ಒಟ್ಟಿಗೆ ಆಡಿಸುವುದು ದಂಡ, ಒಬ್ಬರನ್ನು ಕೈಬಿಟ್ಟು ದಾಳಿಗಾರನನ್ನು ತನ್ನಿ ಎಂದು ದೇಶವೇ ಸಲಹೆ ಕೊಟ್ಟಿತು. ಬಲಿಗೆ ಗುರುತಿಸಿದ್ದು ಬುಸ್ಕೆಟ್ಸ್ ಅವರನ್ನೇ. ಡೆಲ್ ಬೋಸ್ಕೆ ಕದಲಲಿಲ್ಲ. ತಾವು ಮತ್ತೆ ಆಟಗಾರನಾಗುವುದಾದರೆ ಬುಸ್ಕೆಟ್ಸ್ ಅವರಂತಿರಲು ಬಯಸುವುದಾಗಿ ಹೇಳಿದರು. ಆಡುವ ದಿನಗಳಲ್ಲಿ ಅವರೂ ಮ್ಯಾಡ್ರಿಡ್‌ನ ಮಿಡ್‌ಫೀಲ್ಡರ್ ಆಗಿದ್ದವರು. ಆ ತಂಡ ಏಳು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಎರಡೇ ಗೋಲು, ಹೊಡೆದದ್ದು ಎಂಟೇ ಗೋಲು. ನಾಕೌಟ್‌ನ ನಾಲ್ಕೂ ಪಂದ್ಯಗಳನ್ನು 1–0ಯಿಂದ ಗೆದ್ದು ವಿಶ್ವಕಪ್ ಎತ್ತಿತು. ಅಷ್ಟು ಕಡಿಮೆ ಗೋಲು ಹೊಡೆಯುವ ತಂಡಕ್ಕೆ ಒಂದು ಗೋಲು ಬಿಟ್ಟುಕೊಡುವುದೂ ದುಬಾರಿ.

ಇಂಥವರು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ 2021ರ ಮೇ 29ರಂದು ಪೋರ್ಟೊದಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ನೋಡಿ. ಮ್ಯಾಂಚೆಸ್ಟರ್ ಸಿಟಿಯ ಪೆಪ್ ಗಾರ್ಡಿಯೋಲ ಆ ಋತುವಿನ ಬಹುತೇಕ ಪಂದ್ಯಗಳಲ್ಲಿ ರೋಡ್ರಿ ಅಥವಾ ಫರ್ನಾಂಡಿನ್ಯೊ ಇಬ್ಬರಲ್ಲಿ ಒಬ್ಬರನ್ನು ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದ್ದವರು, ಅಂದು ಇಬ್ಬರನ್ನೂ ಬೆಂಚಿನಲ್ಲಿ ಕೂರಿಸಿ ಆ ಜಾಗವನ್ನು ಇಲ್ಕಾಯ್ ಗುಂಡೊಗನ್ ಅವರಿಗೆ ವಹಿಸಿದರು. ಗುಂಡೊಗನ್ ಒಳ್ಳೆಯ ಆಟಗಾರ. ಆ ವರ್ಷ ಮುಂದೆ ನುಗ್ಗಿ ಸಾಕಷ್ಟು ಗೋಲು ಹೊಡೆದಿದ್ದವರು, ಹಿಂದೆ ನಿಲ್ಲುವ ಅಭ್ಯಾಸ ತಪ್ಪಿದ್ದವರು. 42ನೇ ನಿಮಿಷದಲ್ಲಿ ಚೆಲ್ಸಿಯ ಗೋಲ್‌ಕೀಪರ್ ಎಡವಾರ್ ಮೆಂಡಿ ಎಡಬದಿಯ ಬೆನ್ ಚಿಲ್ವೆಲ್‌ಗೆ ಚೆಂಡು ಕಳಿಸಿದರು, ಚಿಲ್ವೆಲ್ ಒಳಗಡೆ ಇದ್ದ ಮೇಸನ್ ಮೌಂಟ್‌ಗೆ ಕೊಟ್ಟರು. ಈ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ. ಟಿಮೊ ವೆರ್ನರ್ ಪಕ್ಕಕ್ಕೆ ಓಡಿ ಡಿಫೆಂಡರ್ ರುಬೆನ್ ಡಿಯಾಸ್ ಅವರನ್ನು ತನ್ನೊಡನೆ ಎಳೆದೊಯ್ದಿದ್ದಾರೆ, ಮೌಂಟ್ ಎದುರಿಗೆ ಮೈದಾನದ ನಟ್ಟನಡುವೆ ಕಾಯುವವರೇ ಇಲ್ಲ. ಆ ಬಯಲಿನ ಮೂಲಕ ಹೋದ ಒಂದೇ ಪಾಸಿನಲ್ಲಿ ಕೈ ಹಾವರ್ಟ್ಸ್ ಗೋಲ್‌ಕೀಪರ್ ಎದುರು ಒಬ್ಬರೇ ನಿಂತಿದ್ದರು. ಚೆಲ್ಸಿ 1–0ಯಿಂದ ಗೆದ್ದಿತು. ಫರ್ನಾಂಡಿನ್ಯೊ ಮೈದಾನಕ್ಕಿಳಿದದ್ದು ದ್ವಿತೀಯಾರ್ಧದಲ್ಲಿ, ಪಂದ್ಯಶ್ರೇಷ್ಠ ಪ್ರಶಸ್ತಿ ಬಂದದ್ದು ಕಾಂಟೆಗೆ. ಗಾರ್ಡಿಯೋಲ ಬಾರ್ಸಿಲೋನಾದಲ್ಲಿ ಆಡುತ್ತಿದ್ದಾಗ ಇದೇ ಸ್ಥಾನದ ಆಟಗಾರರಾಗಿದ್ದವರು ಎಂಬುದು ನನಗೆ ಇಂದಿಗೂ ಅರ್ಥವಾಗದ ಒಗಟು.


ಕೆಂಪು ಗ್ಯಾಲರಿ:

ಚರ್ಚೆ ಚೆನ್ನಾಗಿದೆ, ಆದರೆ ಎಲೆಮರೆಯ ಕಾಯಿ ಎಂಬ ಮಾತು ಈಗಲೂ ಸಲ್ಲುತ್ತದೆಯೇ? ರೋಡ್ರಿ 2023ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ವಿರುದ್ಧ ಏಕೈಕ ಗೋಲು ಹೊಡೆದರು, 2024ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪಡೆದರು. 2023ರ ಬೇಸಿಗೆಯಲ್ಲಿ ಡೆಕ್ಲನ್ ರೈಸ್ ಅವರಿಗೆ ಆರ್ಸೆನಲ್ 10.5 ಕೋಟಿ ಪೌಂಡ್‌ವರೆಗೆ, ಮೊಯಿಸೆಸ್ ಕೈಸೆಡೊ ಅವರಿಗೆ ಚೆಲ್ಸಿ 11.5 ಕೋಟಿ ಪೌಂಡ್‌ವರೆಗೆ ತೆರಲು ಒಪ್ಪಿದವು. ಸಂಬಳ ಹೆಚ್ಚಿಸಿ ಎಂದು ಬೇಡುವ ಕಾಲ ಆ ಸ್ಥಾನದವರಿಗೆ ಮುಗಿದಿದೆ.


ಅಂಕಿಅಂಶ:

ಹಣ ಬಂದಿರುವುದು ನಿಜ, ಆದರೆ ಹಣ ಕೊಡುತ್ತಿರುವುದು ಬೇರೆ ಸರಕಿಗೆ. ರೈಸ್ ಚೆಂಡನ್ನು ನಲವತ್ತು ಮೀಟರ್ ಒಯ್ಯುತ್ತಾರೆ, ಫ್ರೀಕಿಕ್‌ನಿಂದ ಗೋಲು ಹೊಡೆಯುತ್ತಾರೆ. ರೋಡ್ರಿ ಇಡೀ ತಂಡದ ಆಟದ ವೇಗವನ್ನೇ ನಿರ್ಧರಿಸುತ್ತಾರೆ. ಮಕೆಲೆಲೆ ಚೆಲ್ಸಿಯಲ್ಲಿ ಐದು ವರ್ಷ ಆಡಿ ಹೊಡೆದದ್ದು ಎರಡೇ ಗೋಲು, ಅದರಲ್ಲಿ ಒಂದು ಪೆನಾಲ್ಟಿ ತಡೆದು ಮರಳಿದ ಚೆಂಡನ್ನು ಒಳಗೆ ದೂಡಿದ್ದು. ಅವರಷ್ಟೇ ಕೆಲಸವನ್ನು ಮಾಡಿ ನಿಲ್ಲುವ ಆಟಗಾರನಿಗೆ ಇಂದು ಯಾರೂ 10 ಕೋಟಿ ಪೌಂಡ್ ಕೊಡಲಾರರು. ರೋಡ್ರಿ ವಿಷಯದಲ್ಲೂ ನನ್ನ ಹಳೆಯ ಎಚ್ಚರಿಕೆ ಅನ್ವಯಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧ ಅವರ ಮೊಣಕಾಲಿಗೆ ಪೆಟ್ಟಾದ ಮೇಲೆ, ಅಕ್ಟೋಬರ್ ಕೊನೆಯಿಂದ ಕ್ರಿಸ್‌ಮಸ್ ಮರುದಿನದವರೆಗಿನ 13 ಪಂದ್ಯಗಳಲ್ಲಿ ಸಿಟಿ ಗೆದ್ದದ್ದು ಒಂದು, ಸೋತದ್ದು ಒಂಬತ್ತು. ಕಾರಣ ರೋಡ್ರಿ ಗೈರುಹಾಜರಿ ಎಂದು ಎಲ್ಲರೂ ಬರೆದರು. ಅದೇ ವಾರಗಳಲ್ಲಿ ಡಿಫೆಂಡರ್‌ಗಳು ಒಬ್ಬರ ಹಿಂದೊಬ್ಬರು ಗಾಯಾಳುಗಳಾಗಿದ್ದರು, ಉಳಿದವರಲ್ಲಿ ಹಲವರಿಗೆ ವಯಸ್ಸು ಮೂವತ್ತು ದಾಟಿತ್ತು.


ಹಳೆಯ ಪ್ರೇಕ್ಷಕ:

ಅಂಕಿಅಂಶ ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ. ಬೇರೆ ಕಾರಣಗಳು ಕಡಿಮೆ ಬೆರೆತಿರುವ ಒಂದು ಉದಾಹರಣೆಯನ್ನು ಅವರ ಮುಂದಿಡುತ್ತೇನೆ, ಅದೂ ಮ್ಯಾಡ್ರಿಡ್‌ನದೇ. 2015ರ ನವೆಂಬರ್ 21ರಂದು ಬರ್ನಬೌನಲ್ಲಿ ಬಾರ್ಸಿಲೋನಾ ವಿರುದ್ಧ ತರಬೇತುದಾರ ರಫಾ ಬೆನಿಟೆಜ್ ಅವರು ಟೋನಿ ಕ್ರೂಸ್, ಲೂಕಾ ಮೋಡ್ರಿಚ್, ಹಾಮೆಸ್ ರೊಡ್ರಿಗೆಜ್, ಗ್ಯಾರೆತ್ ಬೇಲ್, ಕರೀಂ ಬೆಂಜೆಮಾ, ಕ್ರಿಸ್ಟಿಯಾನೊ ರೊನಾಲ್ಡೊ ಎಲ್ಲರನ್ನೂ ಒಟ್ಟಿಗೆ ಇಳಿಸಿದರು. ಆ ಸ್ಥಾನಕ್ಕೆಂದೇ ಇದ್ದ ಕಾಸೆಮಿರೊ ಅವರನ್ನು ಹೊರಗಿಟ್ಟರು. ಎಚ್ಚರಿಕೆಯ ಆಟಕ್ಕೆ ಹೆಸರಾದ ಬೆನಿಟೆಜ್ ಹೀಗೆ ಮಾಡಿದ್ದು ಮೇಲಿನವರ ಮರ್ಜಿ ಹಿಡಿಯಲೆಂದು ಆಗ ಎಲ್ಲರೂ ಆಡಿಕೊಂಡರು. ಫಲಿತಾಂಶ 0–4. ಜನವರಿ ಮೊದಲ ವಾರದಲ್ಲೇ ಬೆನಿಟೆಜ್ ಅವರನ್ನು ತೆಗೆದು ಹಾಕಲಾಯಿತು, ಬಂದವರು ಜಿದಾನ್. ಮಕೆಲೆಲೆಯನ್ನು ಮಾರಿ ಬೆಕ್‌ಹ್ಯಾಮ್ ಅವರನ್ನು ತಂದದ್ದನ್ನು, ಎಂಜಿನ್ನೇ ಹೋಗುತ್ತಿರುವ ಬೆಂಟ್ಲಿ ಕಾರಿಗೆ ಮತ್ತೊಂದು ಪದರ ಚಿನ್ನದ ಬಣ್ಣ ಬಳಿದಂತೆ ಎಂದು ಹಂಗಿಸಿದರೆಂಬ ಮಾತು ಅವರ ಹೆಸರಿನಲ್ಲೇ ಚಾಲ್ತಿಯಲ್ಲಿದೆ.

ಜಿದಾನ್ ಕೂಡ ಮೊದಮೊದಲು ಕಾಸೆಮಿರೊ ಅವರನ್ನು ಹೆಚ್ಚು ಆಡಿಸಲಿಲ್ಲ; ವಸಂತದ ಹೊತ್ತಿಗೆ ಹಾಮೆಸ್ ಬೆಂಚಿಗೆ ಸರಿದರು, ಕಾಸೆಮಿರೊ ಖಾಯಂ ಆದರು. 2016ರ ಏಪ್ರಿಲ್ 2ರಂದು ಬಾರ್ಸಿಲೋನಾದ ಸ್ವಂತ ಮೈದಾನ ಕ್ಯಾಂಪ್ ನೌನಲ್ಲಿ, ಸರ್ಜಿಯೊ ರಾಮೋಸ್ ಕೆಂಪು ಕಾರ್ಡ್ ಪಡೆದು ಹೊರನಡೆದರೂ, ಮ್ಯಾಡ್ರಿಡ್ 2–1ರಿಂದ ಗೆದ್ದಿತು. ಎದುರಾಳಿ ಅದೇ, ಋತು ಅದೇ, ಕ್ರೂಸ್, ಮೋಡ್ರಿಚ್, ಬೇಲ್, ಬೆಂಜೆಮಾ, ರೊನಾಲ್ಡೊ ಎಲ್ಲರೂ ಅವರೇ. ಕ್ರೂಸ್ ಮತ್ತು ಮೋಡ್ರಿಚ್ ಹಿಂದೆ ತಿರುಗಿ ನೋಡದೆ ಆಡಲು ಸಾಧ್ಯವಾದದ್ದು ಅಲ್ಲಿಂದ. ಅದೇ ಮೂವರ ನಡುಮೈದಾನ 2016, 2017, 2018ರ ಮೂರೂ ಚಾಂಪಿಯನ್ಸ್ ಲೀಗ್‌ಗಳನ್ನು ಗೆದ್ದಿತು.


ಅಂಕಿಅಂಶ:

ತರಬೇತುದಾರರೂ ಬದಲಾಗಿದ್ದರಲ್ಲ ಎಂದು ಹೇಳಬಹುದಿತ್ತು, ಆದರೆ ಆ ತರಬೇತುದಾರ ಮಾಡಿದ ದೊಡ್ಡ ಬದಲಾವಣೆಯೇ ಕಾಸೆಮಿರೊ ಆದ್ದರಿಂದ ಈ ಉದಾಹರಣೆಯನ್ನು ಒಪ್ಪುತ್ತೇನೆ.


ಆರನೇ ನಂಬರ್:

ನಡುಗೆರೆ ಅವರಿಗೆ: ಆ ಎರಡು ಪಂದ್ಯಗಳನ್ನೂ ಪೂರ್ತಿಯಾಗಿ, ಒಂದರ ಹಿಂದೊಂದು ನೋಡಿ. ನವೆಂಬರ್‌ನ ಪಂದ್ಯದಲ್ಲಿ ಆಂದ್ರೆಸ್ ಇನಿಯೆಸ್ಟಾ ಮ್ಯಾಡ್ರಿಡ್‌ನ ಪೆನಾಲ್ಟಿ ಬಾಕ್ಸ್ ಎದುರಿನ ಜಾಗದಲ್ಲಿ ಚೆಂಡು ಪಡೆದಾಗ ತಿರುಗಿ ನಿಲ್ಲಲು ಎಷ್ಟು ಬಿಡುವಿತ್ತು, ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಎಷ್ಟಿತ್ತು ಎಂಬುದನ್ನು ಹೋಲಿಸಿ. ಗೋಲುಗಳನ್ನು ಬೇಕಾದರೆ ಓಡಿಸಿಬಿಡಿ.